ಮೆಮೊರಿ ಸೀಟಿನ ವೈರಿಂಗ್: ಟೇಪ್, ಬೆಸುಗೆ, ಕ್ರಿಂಪ್

ನಮ್ಮ ಮನೆ ದಾವಣಗೆರೆಯ ಅಕ್ಕಿ ಗಿರಣಿಗಳ ಪಕ್ಕದಲ್ಲೇ ಇರುವುದರಿಂದ ಇಲಿ ಕಾಟ ತಪ್ಪಿದ್ದಲ್ಲ. ಈ ಸಲ ಕಡಿದಿದ್ದು ಕಾರಿನ ಡ್ರೈವರ್ ಸೀಟಿನ ಕೆಳಗಿನ ವೈರುಗಳನ್ನು. ಹಾಗಾಗಿ ಮೂರು ಥರದ ಜೋಡಣೆಯನ್ನೂ ಅದೇ ಸೀಟಿನಲ್ಲಿ ನೋಡಿದ್ದಾಯಿತು.

ಮಾಮೂಲಿ ಪವರ್ ಸೀಟಾದರೆ ಮೋಟಾರ್ ತಿರುಗಿದರೆ ಸಾಕು. ಬಟನ್ ಒತ್ತಿದರೆ ಮೊದಲೇ ನೆನಪಿಟ್ಟ ಜಾಗಕ್ಕೆ ತಾನೇ ಸರಿಯುವ ಮೆಮೊರಿ ಸೀಟಿನಲ್ಲಿ ಮೋಟಾರಿನ ಎರಡು ದಪ್ಪ ವೈರಿನ ಜೊತೆ ಸೆನ್ಸರಿನ ಸಣ್ಣ ವೈರುಗಳೂ ಇರುತ್ತವೆ. ನಮ್ಮದರಲ್ಲಿರುವುದು ಅಯಸ್ಕಾಂತದ ಸುಳಿವು ಹಿಡಿಯುವ ಹಾಲ್ ಸೆನ್ಸರ್. ಮೋಟಾರ್ ತಿರುಗಿದಂತೆ ಅದು ಪಲ್ಸ್ ಕಳಿಸುತ್ತದೆ, ಸೀಟನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಮಾಡ್ಯೂಲ್, ಅದನ್ನು ಎಣಿಸಿಕೊಂಡು ಸೀಟಿನ ಜಾಗ ಗೊತ್ತುಮಾಡಿಕೊಳ್ಳುತ್ತದೆ. ಎಣಿಕೆ ತಪ್ಪಿತೋ, ನೆನಪೂ ತಪ್ಪಿತು.

ಮೊದಲು ಎಲೆಕ್ಟ್ರಿಷಿಯನ್ ಹೇಳಿದ್ದು, "ಟೇಪ್ ಸುತ್ತಿ ಕೊಡ್ತೀನಿ ಸಾರ್, ಏನೂ ಆಗಲ್ಲ." ಸ್ವಿಚ್ ಒತ್ತಿದರೆ ಸೀಟು ಹಿಂದೆ ಮುಂದೆ ಹೋಯಿತು, ನಿಜ. ಆದರೆ ಮೆಮೊರಿ ಒಂದನೇ ಬಟನ್ ಒತ್ತಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರಿ, ಒಳಗೆಲ್ಲ ಧೂಳು ಮೆತ್ತಿಕೊಂಡಿತ್ತು. ಮೋಟಾರ್ ಓಡುವಾಗ ದಪ್ಪ ವೈರಿನ ಗಂಟು ಮುಟ್ಟಿದರೆ ಕೈಗೆ ಬಿಸಿ ತಾಗುತ್ತಿತ್ತು. ಇಂಥ ಹೊತ್ತಿನಲ್ಲೇ ಮಾಡ್ಯೂಲ್ ಹೋಗಿದೆ ಅಂತ ದುಬಾರಿ ಬಿಲ್ ಆಗುವುದು.

ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿದ ಮೇಲೆ ಮೆಮೊರಿ ಸರಿಯಾಯಿತು. ಕದಲದ ಜಾಗಕ್ಕೆ ಇವತ್ತಿಗೂ ನಾನು ಅದನ್ನೇ ಒಪ್ಪುತ್ತೇನೆ. ಸೀಟಿನ ಕೆಳಗೆ ಮಾತ್ರ ಬೇಡ. ಕರಗಿದ ಬೆಸುಗೆ ವೈರಿನ ಎಳೆಗಳ ನಡುವೆ ಹರಿದು ವೈರು ಕಡ್ಡಿಯಂತೆ ಸೆಟೆಯುತ್ತದೆ. ಸೀಟು ಸರಿದಾಡಿದಾಗೆಲ್ಲ ಆ ಗಡಸು ಮುಗಿಯುವಲ್ಲೇ ಬಾಗಿ ಬಾಗಿ ಎಳೆ ತುಂಡಾಗುತ್ತದೆ. ನಮ್ಮದೂ ಅಲ್ಲೇ ತುಂಡಾಯಿತು.

ಈಗಿರುವುದು ಕ್ರಿಂಪ್ ಮಾಡಿದ, ಅಂದರೆ ವೈರಿಗೆ ಒತ್ತಿ ಬಿಗಿದ ಪಿನ್, ರಬ್ಬರ್ ಸೀಲ್ ಇರುವ ಕಪ್ಲರ್ (ಸಿಕ್ಕಿಸಿ ಬಿಚ್ಚಬಹುದಾದ ಕನೆಕ್ಟರ್). ಪಿನ್ನಿನ ಎರಡು ಜೋಡಿ ರೆಕ್ಕೆಯಲ್ಲಿ ಒಂದು ತಾಮ್ರವನ್ನು ಹಿಡಿಯಬೇಕು, ಇನ್ನೊಂದು ಸೀಲನ್ನೂ ಇನ್ಸುಲೇಷನ್ನನ್ನೂ. ಇಕ್ಕಳದಲ್ಲಿ ಜಜ್ಜಿದರೆ ಆಗುವುದಿಲ್ಲ, ಅದರದೇ ಕ್ರಿಂಪಿಂಗ್ ಟೂಲ್ ಬೇಕು. ಮಾಡಿದ ಮೇಲೆ ಪ್ರತಿ ವೈರನ್ನೂ ಎಳೆದು ನೋಡಬೇಕು. ತವರ ಲೇಪದ ಪಿನ್ನಿಗೆ ತವರದ್ದೇ ಜೋಡಿ, ಚಿನ್ನದ ಲೇಪಕ್ಕೆ ಚಿನ್ನದ್ದೇ. ಖರ್ಚು ಜಾಸ್ತಿ, ಆದರೆ ಸೀಟು ಇಳಿಸಬೇಕಾದಾಗ ಕಪ್ಲರ್ ಬಿಚ್ಚಿದರೆ ಸಾಕು.

ಸೀಟಿನ ಕೆಳಗಿನ ಹಳದಿ ಕಪ್ಲರ್ ಏರ್‌ಬ್ಯಾಗಿನದು. ಅದರ ವೈರು ಕತ್ತರಿಸಬೇಡಿ, ಮೀಟರೂ ಇಡಬೇಡಿ. ಯಾವ ಕಪ್ಲರ್ ಬಿಚ್ಚುವ ಮುಂಚೆಯೂ ಬ್ಯಾಟರಿಯ ನೆಗೆಟಿವ್ ತೆಗೆದು, ಮ್ಯಾನುಯಲ್ ಹೇಳಿದಷ್ಟು ಹೊತ್ತು ಕಾಯಿರಿ.