ಬಿಸಿನೆಸ್ ಕ್ಲಾಸ್: ಬೆಂಗಳೂರಿನಿಂದ ಯಾವ ವಿಮಾನದಲ್ಲಿ ನೆಟ್ಟಗೆ ನಿದ್ದೆ ಬರುತ್ತೆ?

ಬೆಂಗಳೂರಿನಿಂದ ದೂರದೇಶಕ್ಕೆ ಹೋಗುವ ವಿಮಾನಗಳ ವೇಳಾಪಟ್ಟಿ ಒಮ್ಮೆ ನೋಡಿ. ಹೆಚ್ಚಿನವು ಹೊರಡುವುದು ಜನ ಮಲಗುವ ಹೊತ್ತಿನಲ್ಲಿ. ಮನೆಯಲ್ಲಿ ಊಟ ಮುಗಿಸಿ, ಟ್ಯಾಕ್ಸಿ ಹಿಡಿದು, ದೇವನಹಳ್ಳಿ ತಲುಪಿ, ಇಮಿಗ್ರೇಶನ್ ಸಾಲು ದಾಟುವಷ್ಟರಲ್ಲಿ ಕಣ್ಣು ಎಳೆಯುತ್ತಿರುತ್ತದೆ. ಹೀಗಿದ್ದರೂ ಬಿಸಿನೆಸ್ ಕ್ಲಾಸ್ ಬಗ್ಗೆ ಬರೆಯುವವರೆಲ್ಲ ಶಾಂಪೇನ್ ಯಾವುದು ಕೊಟ್ಟರು, ಕ್ಯಾವಿಯರ್ ಇತ್ತಾ ಇಲ್ವಾ ಅಂತಲೇ ಶುರು ಮಾಡುತ್ತಾರೆ. ಬೆಳಗಿನ ಜಾವ ಮೂರು ಗಂಟೆಗೆ ಶಾಂಪೇನ್ ಯಾರಿಗೆ ಬೇಕು ಹೇಳಿ? ಆ ಹೊತ್ತಿಗೆ ನನಗೆ ಬೇಕಾಗಿರುವುದು ಕಾಲು ಚಾಚಿ ಮಲಗಲು ಜಾಗ, ಮತ್ತೆ ಸುಮ್ನೆ ಎಬ್ಬಿಸದ ಸಿಬ್ಬಂದಿ.

ನಾನು ಪೀಣ್ಯದಲ್ಲಿ ಯಂತ್ರ ತಯಾರಿಸುವ ಒಂದು ಕಂಪನಿಯಲ್ಲಿದ್ದೇನೆ. ಜರ್ಮನಿ, ಇಂಗ್ಲೆಂಡ್, ಸಿಂಗಪುರ ಅಂತ ಓಡಾಟ ಇದ್ದೇ ಇರುತ್ತದೆ. ಇಳಿದ ದಿನವೇ ಮೀಟಿಂಗ್. ಟಿಕೆಟ್ ದುಡ್ಡು ಕಂಪನಿಯದು, ಬೆನ್ನುನೋವು ನನ್ನದು. ಜೊತೆಗೆ ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ತಿನ್ನುವುದಿಲ್ಲ. ಹಾಗಾಗಿ ಮುಂದಿನ ಅಭಿಪ್ರಾಯಗಳೆಲ್ಲ ಬೆನ್ನು ಮತ್ತು ಹೊಟ್ಟೆಯಿಂದ ಬಂದವು ಅಂದುಕೊಳ್ಳಿ. ಏರ್ ಇಂಡಿಯಾ ಈ ಹೋಲಿಕೆಯಲ್ಲಿಲ್ಲ, ಅದರ ಬಿಸಿನೆಸ್ ಕ್ಲಾಸಿನಲ್ಲಿ ನಾನಿನ್ನೂ ಕೂತಿಲ್ಲ.

ಎಲ್ಲಕ್ಕಿಂತ ಮೊದಲ ಮಾತು: ವಿಮಾನ ಕಂಪನಿಯ ಹೆಸರು ನೋಡಿ ಟಿಕೆಟ್ ತಗೋಬೇಡಿ, ಯಾವ ವಿಮಾನ ಅಂತ ನೋಡಿ. ದುಬೈನ ಎಮಿರೇಟ್ಸನ್ನೇ ತೆಗೆದುಕೊಳ್ಳಿ. ಅವರ ಎ380 ಎಂಬ ಎರಡಂತಸ್ತಿನ ವಿಮಾನದ ಮೇಲಿನ ಅಂತಸ್ತಿನಲ್ಲಿ ಸೀಟುಗಳು 1-2-1 ಜೋಡಣೆಯಲ್ಲಿವೆ: ಎರಡೂ ಕಿಟಕಿ ಪಕ್ಕ ಒಂದೊಂದು, ನಡುವೆ ಎರಡು. ಅಂದರೆ ಒಬ್ಬೊಬ್ಬರಿಗೂ ನೇರವಾಗಿ ಓಡಾಡುವ ದಾರಿ ಸಿಗುತ್ತದೆ, ಯಾರನ್ನೂ ದಾಟಬೇಕಿಲ್ಲ. ಅದೇ ಕಂಪನಿಯ ಹಳೆಯ ಬೋಯಿಂಗ್ 777 ವಿಮಾನದಲ್ಲಿ ಜೋಡಣೆ 2-3-2. ಬಿಸಿನೆಸ್ ಕ್ಲಾಸಿನಲ್ಲೂ ಇಬ್ಬರ ನಡುವಿನ ಸೀಟು! 2024ರಿಂದ ಒಂದೊಂದೇ 777 ಅನ್ನು 1-2-1ಕ್ಕೆ ಬದಲಾಯಿಸುತ್ತಿದ್ದಾರೆ. ಆದರೆ ನಿಮಗೆ ಹೊಸದು ಬರುತ್ತದೋ ಹಳೆಯದೋ ಅನ್ನುವುದು ಬುಕ್ ಮಾಡುವಾಗ ಸೀಟ್ ಮ್ಯಾಪ್ ತೆರೆದು ನೋಡಿದರಷ್ಟೇ ಗೊತ್ತಾಗುವುದು. ಎರಡಕ್ಕೂ ಹೆಸರು ಒಂದೇ, ಅನುಭವದಲ್ಲಿ ಮಾತ್ರ ಅಜಗಜಾಂತರ.

ಬೆಂಗಳೂರಿಗೆ ಎಮಿರೇಟ್ಸ್ ಎ380 ಬರಲು ಶುರುವಾಗಿದ್ದು 2022ರ ಅಕ್ಟೋಬರಿನಲ್ಲಿ. ಅದರಲ್ಲಿ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಅಷ್ಟು ದೊಡ್ಡ ವಿಮಾನವಾದರೂ ಒಳಗೆ ಸದ್ದು ಕಡಿಮೆ. ಕಿಟಕಿ ಪಕ್ಕ ಉದ್ದಕ್ಕೂ ಮುಚ್ಚಳದ ಪೆಟ್ಟಿಗೆಗಳಿವೆ. ಶೂ, ಬ್ಯಾಗು, ಪುಸ್ತಕ ಎಲ್ಲ ಅಲ್ಲೇ ತುಂಬಿಸಿ ಕೈಗೆಟಕುವಂತೆ ಇಟ್ಟುಕೊಳ್ಳಬಹುದು. ಸೀಟು ಆರಿಸುವಾಗ ಒಂದು ವಿಷಯ ಗಮನಿಸಿ. ಒಂದು ಸಾಲಿನಲ್ಲಿ ಸೀಟು ಕಿಟಕಿಗೆ ಅಂಟಿಕೊಂಡಿರುತ್ತದೆ, ಮೇಜು ದಾರಿಯ ಕಡೆ. ಅದರ ಮುಂದಿನ ಸಾಲಿನಲ್ಲಿ ಇದು ಉಲ್ಟಾ. ನಿದ್ದೆ ಬೇಕೆನ್ನುವವರು ಕಿಟಕಿಗೆ ಅಂಟಿದ್ದನ್ನೇ ಹಿಡಿಯಬೇಕು, ಇಲ್ಲದಿದ್ದರೆ ಓಡಾಡುವವರ ಸೊಂಟ ನಿಮ್ಮ ಭುಜಕ್ಕೆ ತಗುಲುತ್ತಿರುತ್ತದೆ. ಹಿಂಭಾಗದಲ್ಲಿ ಪ್ರಸಿದ್ಧವಾದ ಬಾರ್ ಇದೆ. ಆಕಾಶದಲ್ಲಿ ನಿಂತು ಹರಟುವುದು ಮಜವೇ. ಆದರೆ ದುಬೈಗೆ ನಾಲ್ಕು ಗಂಟೆ ದಾರಿ. ಬಾರಿಗೆ ಹೋದವರು ಮಲಗಲಿಲ್ಲ, ಮಲಗಿದವರು ಬಾರ್ ನೋಡಲಿಲ್ಲ.

ಸೀಟಿನ ಲೆಕ್ಕದಲ್ಲಿ ನನ್ನ ಮೊದಲ ಮಾರ್ಕು ಕತಾರ್ ಏರ್‌ವೇಸಿನ ಕ್ಯೂಸೂಟಿಗೆ. 2017ರಲ್ಲಿ ಬಂದ ಈ ವಿನ್ಯಾಸ ಬಿಸಿನೆಸ್ ಕ್ಲಾಸಿಗೂ ಬಾಗಿಲು ತಂದಿತು. ಬಾಗಿಲೆಂದರೆ ಚಾವಣಿವರೆಗಿನ ಬಾಗಿಲಲ್ಲ, ನಿಂತವರ ಎದೆಮಟ್ಟಕ್ಕೆ ಬರುವ ಸರಿಯುವ ಹಲಗೆ. ಟೇಕಾಫ್, ಲ್ಯಾಂಡಿಂಗ್ ಹೊತ್ತಿನಲ್ಲಿ ಅದನ್ನು ತೆರೆದೇ ಇಡಬೇಕು. ಮೇಲೇರಿದ ಮೇಲೆ ಎಳೆದುಕೊಂಡರೆ ದಾರಿಯಲ್ಲಿ ಹೋಗುವವರ ತಲೆ ಮಾತ್ರ ಕಾಣುತ್ತದೆ, ಮಲಗಿದರೆ ಅದೂ ಇಲ್ಲ. ಸೀಟುಗಳು ಒಂದು ಮುಂದಕ್ಕೆ, ಒಂದು ಹಿಂದಕ್ಕೆ ಮುಖ ಮಾಡಿವೆ. ಎ ಮತ್ತು ಕೆ ಸೀಟುಗಳು ಹಿಂದಕ್ಕೆ ಮುಖ ಮಾಡಿದವು, ಕಿಟಕಿಗೆ ಹತ್ತಿರ. ವಿಮಾನ ಮೇಲೇರುವಾಗ ಬೆನ್ನು ಸೀಟಿಗೆ ಒತ್ತುವ ಬದಲು ಹೊಟ್ಟೆಯ ಬೆಲ್ಟಿಗೆ ಮೈ ಜೋತುಬೀಳುತ್ತದೆ. ಹತ್ತು ನಿಮಿಷ ಏನೋ ಒಂಥರಾ, ಆಮೇಲೆ ಮರೆತೇಹೋಗುತ್ತದೆ. ಮಧ್ಯದ ನಾಲ್ಕು ಸೀಟುಗಳ ಅಡ್ಡಗೋಡೆ ಸರಿಸಿದರೆ ಮನೆಮಂದಿ ನಾಲ್ವರು ಎದುರುಬದುರು ಕೂತು ಊಟ ಮಾಡಬಹುದು. ಒಬ್ಬಳೇ ಓಡಾಡುವ ನನಗೆ ಅದರಿಂದ ಉಪಯೋಗವಿಲ್ಲ, ಮಕ್ಕಳಿರುವವರಿಗೆ ಬಲು ಅನುಕೂಲ.

ಕತಾರಿನಲ್ಲಿ ನನಗೆ ಬಾಗಿಲಿಗಿಂತ ಹಿಡಿಸಿದ್ದು ಊಟದ ಪದ್ಧತಿ. ಎಲ್ಲರಿಗೂ ಒಟ್ಟಿಗೆ ಗಾಡಿ ತಳ್ಳಿಕೊಂಡು ಬರುವುದಿಲ್ಲ. ಹಸಿವಾದಾಗ ಕೇಳಿ, ಆಗ ತಂದುಕೊಡುತ್ತಾರೆ. ಹತ್ತಿದ ಕೂಡಲೇ "ಈಗ ಏನೂ ಬೇಡ, ಇಳಿಯುವ ಮುಂಚೆ ಕಾಫಿ ಸಾಕು" ಅಂದುಬಿಟ್ಟರೆ ಆಯಿತು.

ಆದರೆ ಇಲ್ಲೊಂದು ತೊಡಕಿದೆ. ಕ್ಯೂಸೂಟ್ ಇರುವುದು 777 ಮತ್ತು ಎ350 ವಿಮಾನಗಳಲ್ಲಿ, ಅವುಗಳಲ್ಲೂ ಎಲ್ಲದರಲ್ಲಿ ಅಲ್ಲ. ಬೆಂಗಳೂರು–ದೋಹಾ ನಡುವೆ 787 ಬಂದರೆ ಕ್ಯೂಸೂಟ್ ಇರುವುದಿಲ್ಲ. ಜೊತೆಗೆ ಅಗ್ಗದ ಬಿಸಿನೆಸ್ ಲೈಟ್ ಟಿಕೆಟಿನಲ್ಲಿ ಲೌಂಜ್, ಅಂದರೆ ನಿಲ್ದಾಣದ ವಿಶ್ರಾಂತಿ ಕೋಣೆ, ಸೇರಿರುವುದಿಲ್ಲ. ದೋಹಾದಲ್ಲಿ ಮೂರು ಗಂಟೆ ಕಾಯಬೇಕಾದವರು ಇದನ್ನು ಮೊದಲೇ ನೋಡಿಕೊಳ್ಳಬೇಕು.

ಅದಕ್ಕಿಂತ ದೊಡ್ಡ ತೊಡಕೆಂದರೆ ನಿದ್ದೆಯ ಲೆಕ್ಕ. ಯುರೋಪಿಗೆ ದುಬೈ ಅಥವಾ ದೋಹಾದಲ್ಲಿ ವಿಮಾನ ಬದಲಿಸುವ ಗಲ್ಫ್ ದಾರಿ ಹಿಡಿದರೆ ರಾತ್ರಿ ಎರಡು ತುಂಡಾಗುತ್ತದೆ. ಮೊದಲ ನಾಲ್ಕು ಗಂಟೆಯಲ್ಲಿ ಮೇಲೇರಲು ಅರ್ಧ ಗಂಟೆ, ಇಳಿಯಲು ಅರ್ಧ ಗಂಟೆ, ಬಿಸಿ ಟವೆಲ್ಲು, ಜ್ಯೂಸು, ಮೆನು ಅಂತ ಒಂದಷ್ಟು. ಉಳಿದ ಎರಡೂವರೆ ಗಂಟೆಗೆ ಎಂಥ ಹಾಸಿಗೆ ಕೊಟ್ಟರೂ ಏನು ಬಂತು? ಕಣ್ಣು ಹತ್ತುವಷ್ಟರಲ್ಲಿ ಸೀಟು ನೆಟ್ಟಗೆ ಮಾಡಿ ಅನ್ನುತ್ತಾರೆ. ದುಬೈ ನಿಲ್ದಾಣದಲ್ಲಿ ವಿಮಾನ ಹತ್ತುವ ಎ ಕಾನ್‌ಕೋರ್ಸ್ ಎಂಬ ಭಾಗದಲ್ಲಿ ಬಿಸಿನೆಸ್ ಲೌಂಜ್ ಒಂದು ಇಡೀ ಮಹಡಿ ಹಬ್ಬಿದೆ, ಅಲ್ಲಿಂದಲೇ ನೇರವಾಗಿ ವಿಮಾನ ಹತ್ತಬಹುದು. ದೋಹಾದ ಅಲ್ ಮೂರ್ಜಾನ್ ಲೌಂಜ್ ಇನ್ನೂ ಚೆಂದ. ಆದರೆ ಅರ್ಧ ನಿದ್ದೆಯಲ್ಲಿ ಎದ್ದುಬಂದವಳಿಗೆ ಅರಮನೆ ಆದರೇನು, ಬಸ್ ಸ್ಟ್ಯಾಂಡ್ ಆದರೇನು.

ಹಾಗಾಗಿ ಯುರೋಪಿಗೆ ಹೋಗುವಾಗ ನನ್ನ ಓಟು ನೇರ ವಿಮಾನಕ್ಕೆ. ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಲುಫ್ತಾನ್ಸಾ ಬಹಳ ಹಿಂದಿನಿಂದಲೂ ಇದೆ, 2023ರ ನವೆಂಬರಿನಿಂದ ಮ್ಯೂನಿಕ್‌ಗೂ ಶುರುವಾಯಿತು. ಸುಮಾರು ಹತ್ತು ಗಂಟೆ ಪಯಣ. ಕಾಗದದ ಮೇಲೆ ಲುಫ್ತಾನ್ಸಾದ ಹಳೆಯ ಸೀಟು ಕ್ಯೂಸೂಟಿನ ಹತ್ತಿರಕ್ಕೂ ಬರುವುದಿಲ್ಲ. ಬಾಗಿಲಿಲ್ಲ, ಜೋಡಣೆ 2-2-2. ಜೋಡಿ ಸೀಟುಗಳು ಒಂದಕ್ಕೊಂದು ಓರೆಯಾಗಿವೆ; ತಲೆಗಳು ದೂರ, ಪಾದಗಳು ಹತ್ತಿರ. ಕಿಟಕಿ ಪಕ್ಕದವರು ಎದ್ದುಹೋಗಬೇಕೆಂದರೆ ಪಕ್ಕದವರ ಕಾಲು ದಾಟಲೇಬೇಕು. ಆದರೂ ಅದು ಪೂರ್ತಿ ಮಟ್ಟಸವಾಗುವ ಹಾಸಿಗೆ. ದೀಪ ಆರಿಸಿದ ಮೇಲೆ ಆರು ಗಂಟೆ ಒಂದೇ ಸಮ ಮಲಗಿ ಎದ್ದರೆ, ಇಳಿದ ದಿನದ ಮೀಟಿಂಗಿನಲ್ಲಿ ತಲೆ ಓಡುತ್ತದೆ. 747-8 ಸಿಕ್ಕರೆ ಮೆಟ್ಟಿಲು ಹತ್ತಿ ಮೇಲಿನ ಅಂತಸ್ತಿಗೆ ಹೋಗಿ. ಅಲ್ಲಿ 2-2 ಮಾತ್ರ, ಚಿಕ್ಕ ಕೋಣೆ, ಗಲಾಟೆ ಇಲ್ಲ.

ಲುಫ್ತಾನ್ಸಾದ ಹೊಸ ಸೀಟಿನ ಹೆಸರು ಅಲೆಗ್ರಿಸ್. 2024ರ ಮೇ ತಿಂಗಳಲ್ಲಿ ಮ್ಯೂನಿಕ್‌ನ ಎ350ಗಳಿಂದ ಶುರುವಾಯಿತು. ಒಂದೇ ಬಿಸಿನೆಸ್ ಕ್ಲಾಸಿನಲ್ಲಿ ಹಲವು ಬಗೆಯ ಸೀಟು. ಮುಂದಿನ ಸಾಲಿಗೆ ಬಾಗಿಲಿರುವ ಸೂಟ್, ಎತ್ತರದವರಿಗೆ 2.2 ಮೀಟರ್ ಉದ್ದದ ಹಾಸಿಗೆ, ಹೀಗೆ. ಒಳ್ಳೆಯ ಸೀಟಿಗೆ ಮೇಲೆ ಇನ್ನಷ್ಟು ದುಡ್ಡು ಕೊಡಬೇಕು. ಎಕಾನಮಿಯ ಮೂರು-ನಾಲ್ಕು ಪಟ್ಟು ಕೊಟ್ಟು ಬಿಸಿನೆಸ್ ಟಿಕೆಟ್ ತಗೊಂಡ ಮೇಲೆ ಮತ್ತೆ ಜೇಬಿಗೆ ಕೈ ಹಾಕಬೇಕಾ ಅಂತ ನನ್ನ ತಕರಾರು. ಕಂಪನಿಯ ಅಕೌಂಟ್ಸ್ ವಿಭಾಗದವರೂ ಇದೇ ಕೇಳುತ್ತಾರೆ.

ಲಂಡನ್ನಿಗಾದರೆ ಬ್ರಿಟಿಷ್ ಏರ್‌ವೇಸ್. ಅವರ ಹಳೆಯ ವಿನ್ಯಾಸದಲ್ಲಿ ಅಕ್ಕಪಕ್ಕದವರು ಎದುರುಬದುರಾಗಿ ಕೂರುತ್ತಿದ್ದರು, ನಡುವೆ ಒಂದು ಪರದೆ. ಪರದೆ ಏರುವವರೆಗೆ ಗುರುತಿಲ್ಲದವರ ಮುಖ ನೋಡುತ್ತಾ ಕೂರಬೇಕು. 2019ರಲ್ಲಿ ಬಂದ ಕ್ಲಬ್ ಸೂಟ್ ಅದನ್ನೆಲ್ಲ ಕಿತ್ತುಹಾಕಿತು. 1-2-1 ಜೋಡಣೆ, ಬಾಗಿಲು, ಎಲ್ಲರ ಮುಖವೂ ಮುಂದಕ್ಕೆ. ಎ350ರಲ್ಲಿ ಮೊದಲಿನಿಂದಲೂ ಇದೇ ಇರುವುದು. ನೇರ ವಿಮಾನವೂ ಬಾಗಿಲೂ ಒಟ್ಟಿಗೆ ಸಿಗುವುದರಿಂದ ನನ್ನ ಲೆಕ್ಕದಲ್ಲಿ ಯುರೋಪ್ ಕಡೆಗೆ ಇದೇ ಮುಂದು. ಎ350 ಅಥವಾ 787ರಲ್ಲಿ ಇನ್ನೊಂದು ಲಾಭವೂ ಇದೆ. ಹಳೆಯ ವಿಮಾನಗಳ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಬೆಟ್ಟದಲ್ಲಿ ಇರುವಷ್ಟಕ್ಕೂ ಇಳಿಯುತ್ತದೆ. ಇವುಗಳಲ್ಲಿ 6,000 ಅಡಿಯ ಮಟ್ಟಕ್ಕೇ ನಿಲ್ಲಿಸುತ್ತಾರೆ, ತೇವವೂ ಸ್ವಲ್ಪ ಜಾಸ್ತಿ. ಇಳಿದ ಮೇಲೆ ಕಾಡುವ ತಲೆಭಾರ ಕಡಿಮೆಯಾಗುವುದು ನನಗಂತೂ ಗೊತ್ತಾಗುತ್ತದೆ.

ಆಮ್‌ಸ್ಟರ್‌ಡ್ಯಾಮಿಗೆ ಕೆಎಲ್‌ಎಂ ಇದೆ. ಸೇವೆ ಅಚ್ಚುಕಟ್ಟು, ಹೆಚ್ಚು ಹೇಳುವುದಕ್ಕಿಲ್ಲ. ಆದರೆ ಇಳಿಯುವ ಮುಂಚೆ ಒಂದು ತಟ್ಟೆ ತುಂಬ ನೀಲಿ-ಬಿಳಿ ಪಿಂಗಾಣಿಯ ಪುಟ್ಟ ಮನೆಗಳನ್ನು ಹಿಡಿದು ಬರುತ್ತಾರೆ, ಒಂದು ಆರಿಸಿಕೊಳ್ಳಿ ಅಂತ. ಡಚ್ಚರ ಹಳೆಯ ಕಟ್ಟಡಗಳ ಪ್ರತಿರೂಪ ಅವು, ಒಳಗೆ ಜೆನಿವರ್ ಎಂಬ ಮದ್ಯ. 1952ರಿಂದ ಕೊಡುತ್ತಿದ್ದಾರೆ, ಪ್ರತಿ ಅಕ್ಟೋಬರ್ 7ರಂದು ಹೊಸದೊಂದು ಮನೆ ಬರುತ್ತದೆ. ದೊಡ್ಡ ದೊಡ್ಡ ಅಧಿಕಾರಿಗಳೆಲ್ಲ "ಈ ನಂಬರ್ ನನ್ನ ಹತ್ರ ಇದೆಯಾ" ಅಂತ ಫೋನಿನಲ್ಲಿ ಪಟ್ಟಿ ತೆಗೆದು ನೋಡುವುದನ್ನು ಕಂಡರೆ ನಗು ಬರುತ್ತದೆ. ನಮ್ಮ ಶೋಕೇಸಿನಲ್ಲೂ ಸಾಲಾಗಿ ನಿಂತಿವೆ ಅನ್ನಿ.

ಸೇವೆಗೆ ಮಾತ್ರ ಮಾರ್ಕು ಕೊಡಿ ಅಂದರೆ ಯೋಚಿಸದೆ ಸಿಂಗಪುರ ಏರ್‌ಲೈನ್ಸ್. ಅವರ ಗಗನಸಖಿಯರ ಸರೋಂಗ್ ಕೆಬಾಯ ಎಂಬ ಸಮವಸ್ತ್ರದ ಬಣ್ಣ ಅವರ ಹುದ್ದೆ ಹೇಳುತ್ತದೆ: ನೀಲಿ ಉಟ್ಟವರು ಮೊದಲ ಹಂತ, ಹಸಿರು ಅದರ ಮೇಲೆ, ಅದಕ್ಕೂ ಮೇಲೆ ಕೆಂಪು. ಆದರೆ ಗಮನಿಸಬೇಕಾದದ್ದು ಅವರು ಗಮನಿಸುವ ರೀತಿ. ನೀರಿನ ಲೋಟ ಅರ್ಧ ಆದಾಗ ಕೇಳದೆ ತುಂಬಿರುತ್ತದೆ. ಒಮ್ಮೆ ಟೀಗೆ ಸಕ್ಕರೆ ಬೇಡ ಅಂದಿದ್ದೆ. ಇಳಿಯುವ ಮುಂಚೆ ಬೇರೆ ಹುಡುಗಿ ಟೀ ತಂದಳು, ಟ್ರೇಯಲ್ಲಿ ಸಕ್ಕರೆ ಪೊಟ್ಟಣವೇ ಇರಲಿಲ್ಲ. ಇಂಥದ್ದನ್ನು ತರಬೇತಿಯಲ್ಲಿ ಹೇಗೆ ಕಲಿಸುತ್ತಾರೋ! ಬೆಂಗಳೂರು–ಸಿಂಗಪುರ ಸುಮಾರು ನಾಲ್ಕೂವರೆ ಗಂಟೆ, ಎ350ರಲ್ಲಿ ಸೀಟು ಪೂರ್ತಿ ಹಾಸಿಗೆಯಾಗುತ್ತದೆ. ಅಲ್ಲಿಂದ ಮುಂದೆ ಆಸ್ಟ್ರೇಲಿಯಾದಂಥ ದೂರದ ಊರಿಗೆ ಓಡುವ 777ಗಳ ಸೀಟು ಬೇರೆ. ಅಗಲ 28 ಇಂಚು, ಇಬ್ಬರು ಕೂರಬಹುದೇನೋ ಅನಿಸುವಷ್ಟು. ಅದನ್ನು ಹಾಸಿಗೆ ಮಾಡಬೇಕಾದರೆ ಎದ್ದು ದಾರಿಯಲ್ಲಿ ನಿಲ್ಲಬೇಕು; ಬೆನ್ನಿನ ಭಾಗವನ್ನು ಮುಂದಕ್ಕೆ ಮಡಚಿ ಬೀಳಿಸಿದರೆ ಅದರ ಹಿಂಬದಿಯೇ ಹಾಸಿಗೆ. ಪಾದ ಇಡುವ ಗೂಡು ಮೂಲೆಯಲ್ಲಿರುವುದರಿಂದ ಓರೆಯಾಗಿ ಮಲಗಬೇಕು. ಮಗ್ಗುಲಾಗಿ ಮಲಗುವ ನನಗೆ ಒಗ್ಗುತ್ತದೆ, ಅಂಗಾತ ಮಲಗುವ ನಮ್ಮ ಯಜಮಾನರಿಗೆ ಆಗಿಬರಲಿಲ್ಲ.

ಇನ್ನು ಊಟ. ಇದರಲ್ಲಿ ಕಂಪನಿಗಿಂತ ಬುಕಿಂಗಿನಲ್ಲಿ ಊಟಕ್ಕೆ ಹಾಕುವ ಕೋಡ್ ಮುಖ್ಯ. ನಮ್ಮ ಕಡೆಯ ಸಸ್ಯಾಹಾರಕ್ಕೆ ಎವಿಎಂಎಲ್, ಈರುಳ್ಳಿ-ಬೆಳ್ಳುಳ್ಳಿಯೂ ಬೇಡವಾದರೆ ಜೈನರ ವಿಜೆಎಂಎಲ್. ಎಚ್‌ಎನ್‌ಎಂಎಲ್ ಅಂದರೆ ಹಿಂದೂ ಮೀಲ್. ಅದು ಸಸ್ಯಾಹಾರ ಅಲ್ಲ, ದನದ ಮಾಂಸ ಇಲ್ಲ ಅಂತ ಅಷ್ಟೇ. ಒಬ್ಬ ಟ್ರಾವೆಲ್ ಏಜೆಂಟ್ "ಹಿಂದೂ ಅಂದ್ರೆ ವೆಜ್ಜೇ ಅಲ್ವಾ ಮೇಡಂ" ಅಂತ ಅದನ್ನೇ ಹಾಕಿದ್ದ. ಮುಚ್ಚಳ ತೆಗೆದರೆ ಕೋಳಿ ಸಾರು. ಹತ್ತು ಗಂಟೆ ಬ್ರೆಡ್ಡು, ಹಣ್ಣು, ಗೋಡಂಬಿಯಲ್ಲಿ ಕಳೆದೆ. ಹೊರಡುವ 24 ಗಂಟೆ ಮುಂಚೆಯೇ ನೀವೇ ಬುಕಿಂಗ್ ತೆರೆದು ಕೋಡ್ ನೋಡಿಕೊಳ್ಳಿ.

ರುಚಿಯ ವಿಷಯದಲ್ಲಿ ಯಾರನ್ನೂ ಜಾಸ್ತಿ ಹೊಗಳಲಾರೆ. ಒಣಗಾಳಿ, ಎಂಜಿನ್ ಸದ್ದು ಎರಡೂ ಸೇರಿ ನಾಲಗೆಗೆ ಉಪ್ಪು, ಸಿಹಿ ಸರಿಯಾಗಿ ತಿಳಿಯುವುದಿಲ್ಲ. ಅಡುಗೆಯನ್ನು ನೆಲದಲ್ಲೇ ಮಾಡಿ, ತಣ್ಣಗಿಟ್ಟು, ಮೇಲೆ ಬಿಸಿ ಮಾಡಿ ಕೊಡುತ್ತಾರೆ. ಅನ್ನ, ದಾಲ್, ಟೊಮೆಟೊ ಹಾಕಿದ ಪಲ್ಯ ಇದನ್ನೆಲ್ಲ ತಡೆದುಕೊಳ್ಳುತ್ತವೆ. ಇಡ್ಲಿ ತಡೆಯುವುದಿಲ್ಲ, ಚಪಾತಿಯಂತೂ ಚಪ್ಪಲಿ ಆಗಿರುತ್ತದೆ. ಬೆಂಗಳೂರಿನಿಂದ ಹೊರಡುವಾಗ ಅಡುಗೆ ಇಲ್ಲಿನದೇ ಆದ್ದರಿಂದ ಯಾವ ಕಂಪನಿಯಲ್ಲೂ ವೆಜ್ ಊಟ ಪರವಾಗಿಲ್ಲ. ಯುರೋಪಿನಿಂದ ಬರುವಾಗ ಸಿಗುವ ವೆಜ್ ಕರಿ ಬೇರೆಯೇ ಲೋಕ.

ವಾಪಸ್ ಪಯಣದಲ್ಲಿ ಲೆಕ್ಕವೂ ತಲೆಕೆಳಗಾಗುತ್ತದೆ. ಜರ್ಮನಿಯಿಂದ ನೇರ ವಿಮಾನ ಹಗಲಲ್ಲಿ ಹೊರಟು ನಡುರಾತ್ರಿ ದಾಟಿದ ಮೇಲೆ ಬೆಂಗಳೂರಿಗೆ ಇಳಿಸುತ್ತದೆ. ದಾರಿಯಲ್ಲಿ ನಿದ್ದೆ ಬರುವುದಿಲ್ಲ, ಬಂದರೂ ಮನೆ ಸೇರಿ ಮಲಗಲಾಗುವುದಿಲ್ಲ. ಕೆಲಸ ಮುಗಿದಿರುತ್ತದೆ, ಅವಸರವೂ ಇಲ್ಲ. ಆಗ ಬಾಗಿಲು, ದೊಡ್ಡ ಟಿವಿ ಪರದೆ, ಕೇಳಿದಾಗ ಬರುವ ಊಟ, ಲೌಂಜಿನ ಸ್ನಾನ ಇದೆಲ್ಲ ಬೆಲೆ ಬಾಳುತ್ತದೆ. ಹೋಗುವಾಗ ನೇರ, ಬರುವಾಗ ದೋಹಾ ಮಾರ್ಗ ಕ್ಯೂಸೂಟ್ ಹಾಕಿಕೊಡಿ ಅಂತ ನಮ್ಮ ಟ್ರಾವೆಲ್ ಡೆಸ್ಕಿನ ಹುಡುಗನಿಗೆ ಪ್ರತಿ ಸಲ ಹೇಳುತ್ತೇನೆ.

"ಮೇಡಂ, ಹೋಗೋದೊಂದು ಬರೋದೊಂದು ಅಂದ್ರೆ ರೇಟು ಜಾಸ್ತಿ ಆಗುತ್ತೆ," ಅಂತಾನೆ. ಅವನ ಮಾತೂ ನಿಜ. ಎರಡು ಒನ್‌ವೇ ಸೇರಿದರೆ ರಿಟರ್ನ್ ಟಿಕೆಟಿಗಿಂತ ದುಬಾರಿ ಆಗುವುದೇ ಹೆಚ್ಚು. ಹಾಗಾಗಿ ಇಲ್ಲಿಯವರೆಗೆ ಬಂದದ್ದೆಲ್ಲ ಹೋದ ವಿಮಾನದಲ್ಲೇ.