ಹಾಲು ಆಲು ಆಗದಿರಲಿ: ಪಾಠದ ವಿಡಿಯೋಗೆ ನಾಲ್ಕು ಉಚಿತ ಸ್ಕ್ರೀನ್ ರೆಕಾರ್ಡರ್‌ಗಳು

ಕಳೆದ ಮಳೆಗಾಲದಲ್ಲಿ ಮೂರನೇ ಕ್ಲಾಸಿನ ಹುಡುಗನೊಬ್ಬ ವಾಟ್ಸಾಪ್‌ನಲ್ಲಿ ಹೋಂವರ್ಕ್ ಫೋಟೋ ಕಳಿಸಿದ. ‘ಹ’ ಅಕ್ಷರದ ಪಾಠ ನೋಡಿ, ಕೇಳಿಸಿದ ಪದಗಳಿಗೆ ಚಿತ್ರ ಬಿಡಿಸಬೇಕಿತ್ತು. ಹೂವು ಇತ್ತು. ಹಾವು ಇತ್ತು. ಹಾಲಿನ ಲೋಟ ಇರಬೇಕಾದ ಜಾಗದಲ್ಲಿ ಒಂದು ಆಲೂಗಡ್ಡೆ ಇತ್ತು. ಫೋನ್ ಮಾಡಿ ಕೇಳಿದೆ. “ಟೀಚರ್, ನೀವೇ ಆಲು ಅಂದ್ರಲ್ವಾ?” ಅಂದ.

ವಿಡಿಯೋ ಮತ್ತೆ ಹಾಕಿ ಕೇಳಿದೆ. ಹುಡುಗ ಹೇಳಿದ್ದು ಸರಿ. ನಾನು ಹೇಳಿದ್ದು ಹಾಲು, ರೆಕಾರ್ಡ್ ಆಗಿದ್ದು ಆಲು. ಹಿಂದಿ ಕೇಳಿಕೊಂಡೇ ಬೆಳೆದ ಮಗುವಿಗೆ ಆಲು ಅಂದರೆ ಆಲೂಗಡ್ಡೆ ಅಲ್ಲದೆ ಇನ್ನೇನು?

ಅವತ್ತಿಂದ ಸ್ಕ್ರೀನ್ ರೆಕಾರ್ಡರ್‌ಗಳನ್ನು, ಅಂದರೆ ಪರದೆಯಲ್ಲಿ ಕಾಣುವುದನ್ನೂ ನಮ್ಮ ಮಾತನ್ನೂ ವಿಡಿಯೋ ಮಾಡಿಕೊಡುವ ಸಾಫ್ಟ್‌ವೇರ್‌ಗಳನ್ನು, ನೋಡುವ ನನ್ನ ರೀತಿಯೇ ಬದಲಾಯಿತು. ಅಲ್ಲಿಯವರೆಗೆ ಚಿತ್ರ ಎಷ್ಟು ಚೆನ್ನಾಗಿ ಬರುತ್ತದೆ ಅಂತ ನೋಡುತ್ತಿದ್ದೆ. ಈಗ ಮೊದಲು ಕಿವಿ, ಆಮೇಲೆ ಕಣ್ಣು.

ನಮ್ಮದು ಮುಂಬೈ ಹತ್ತಿರದ ಡೊಂಬಿವ್ಲಿಯಲ್ಲಿ ಭಾನುವಾರ ಒಂದು ಗಂಟೆ ನಡೆಯುವ ಕನ್ನಡ ಕ್ಲಾಸು. ಡೊಂಬಿವ್ಲಿ, ಕಲ್ಯಾಣ, ಉಲ್ಹಾಸನಗರದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಮ್ಮಪ್ಪ ಹಗಲು ಮುಂಬೈಯ ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ ಮಾಡಿ ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಓದಿದವರು. ಅಂಥ ರಾತ್ರಿಶಾಲೆಗಳು ಈ ಊರಿನಲ್ಲಿ ಎಷ್ಟೋ ಹೋಟೆಲ್ ಹುಡುಗರಿಗೆ ಅಕ್ಷರ ಕೊಟ್ಟಿವೆ. ಈಗಿನ ಮಕ್ಕಳನ್ನು ರಾತ್ರಿ ಒಂದು ಕಡೆ ಸೇರಿಸಲು ಆಗುವುದಿಲ್ಲ. ವಾರದ ಮಧ್ಯೆ ಅವರ ಕೈಗೆ ಸಿಗುವುದು ಅಮ್ಮನ ಮೊಬೈಲು. ಹಾಗಾಗಿ ನಾಲ್ಕೈದು ನಿಮಿಷದ ವಿಡಿಯೋ ಮಾಡಿ ಕಳಿಸುತ್ತೇನೆ.

ಹೋಲಿಸಿ ನೋಡಲು ಒಂದೇ ಪಾಠವನ್ನು ನಾಲ್ಕು ಸಲ ರೆಕಾರ್ಡ್ ಮಾಡಿದೆ. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಪೇಂಟ್‌ನಲ್ಲಿ ಪೆನ್ ಟ್ಯಾಬ್ಲೆಟ್ (ಕಂಪ್ಯೂಟರಿಗೆ ಜೋಡಿಸಿ ಪೆನ್ನಿನಲ್ಲಿ ಬರೆಯುವ ಹಲಗೆ) ಹಿಡಿದು ‘ಹ’ ಬರೆಯುವುದು. ಹಾಲು, ಹಾವು, ಹೂವು ಹೇಳುವುದು. ಬೆಳೆ-ಬೇಳೆ, ಕೊಡು-ಕೋಡು ಜೋಡಿ ಹೇಳುವುದು. ನಡುವೆ ಪಿಡಿಎಫ್‌ನ ಒಂದು ಪುಟ ತೋರಿಸುವುದು. ಕೊನೆಗೆ ‘ಶಕ್ತಿ’ ಬರೆಯುವುದು. ಈ ಜೋಡಿ ಪದಗಳನ್ನು ಬೇಕಂತಲೇ ಆರಿಸಿದೆ. ಮರಾಠಿ ಶಾಲೆಯ ಮಕ್ಕಳಿಗೆ ‘ಳ’ ಸಲೀಸು, ಅವರ ಲಿಪಿಯಲ್ಲೇ ಇದೆ. ಆದರೆ ಎ-ಏ, ಒ-ಓ ಅಂತ ಗಿಡ್ಡ, ಉದ್ದ ಬೇರೆ ಬೇರೆ ಬರೆಯುವುದು ಅಲ್ಲಿಲ್ಲ. ಕಿವಿಗೆ ಆ ವ್ಯತ್ಯಾಸ ಬೀಳದಿದ್ದರೆ ಕೈಗೂ ಬರುವುದಿಲ್ಲ.

ಮೊದಲು ವಿಂಡೋಸ್ ಜೊತೆಗೇ ಬರುವ ಗೇಮ್ ಬಾರ್. ಹೆಸರು ಆಟದ್ದು, ಆದರೆ ಪಾಠಕ್ಕೂ ಆಗುತ್ತದೆ. ಏನೂ ಡೌನ್‌ಲೋಡ್ ಮಾಡಬೇಕಿಲ್ಲ, ವಿಂಡೋಸ್ 10ರಲ್ಲೂ ಇದೆ. ವಿಂಡೋಸ್ ಕೀ, ಆಲ್ಟ್, ಆರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಶುರು, ಮತ್ತೆ ಒತ್ತಿದರೆ ಮುಗೀತು. ವಿಡಿಯೋಸ್ ಫೋಲ್ಡರ್ ಒಳಗೆ ಕ್ಯಾಪ್ಚರ್ಸ್ ಅಂತ ಇನ್ನೊಂದು ಇರುತ್ತದೆ, ಎಂಪಿ4 ಫೈಲ್ ಅಲ್ಲಿ ಬಂದು ಕೂರುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್ ಕೂಡ ಏದುಸಿರು ಬಿಡಲಿಲ್ಲ. ತೊಡಕು ಇರುವುದು ಬೇರೆ ಕಡೆ. ಇದು ಒಂದೇ ಕಿಟಕಿಯನ್ನು ಹಿಡಿಯುತ್ತದೆ. ಪೇಂಟ್‌ನಲ್ಲಿ ಶುರು ಮಾಡಿ ಪಿಡಿಎಫ್‌ಗೆ ಹೋದರೆ ವಿಡಿಯೋದಲ್ಲಿ ಪೇಂಟ್ ಮಾತ್ರ ಇರುತ್ತದೆ, ನನ್ನ ಮಾತು ಕಾಣದ ಪುಟದ ಬಗ್ಗೆ ನಡೆಯುತ್ತಿರುತ್ತದೆ. ಡೆಸ್ಕ್‌ಟಾಪನ್ನೂ ಫೈಲ್ ಎಕ್ಸ್‌ಪ್ಲೋರರನ್ನೂ ಅದು ಮುಟ್ಟುವುದೇ ಇಲ್ಲ. ನಡುವೆ ನಿಲ್ಲಿಸಿ ಮುಂದುವರಿಸುವ ಗುಂಡಿ ಇಲ್ಲ. ಒಂದೇ ಪಿಪಿಟಿಯನ್ನು ಮೊದಲಿಂದ ಕೊನೆವರೆಗೆ ವಿವರಿಸುವ ಟೀಚರ್‌ಗೆ ಇಷ್ಟು ಸಾಕು. ನನಗೆ ಸಾಲಲಿಲ್ಲ.

ಎರಡನೆಯದು ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲ್. ಸ್ಕ್ರೀನ್‌ಶಾಟ್ ತೆಗೆಯಲು ನಾವೆಲ್ಲ ಬಳಸುವುದು ಇದನ್ನೇ, ವಿಡಿಯೋ ಗುಂಡಿ ಆಮೇಲೆ ಸೇರಿತು. ಪರದೆಯ ಮೇಲೆ ಚೌಕ ಎಳೆದರೆ ಆ ಚೌಕದೊಳಗೆ ಏನು ಬಂದರೂ ರೆಕಾರ್ಡ್ ಆಗುತ್ತದೆ. ಪೇಂಟ್ ಆಗಲಿ, ಪಿಡಿಎಫ್ ಆಗಲಿ. ನಡುವೆ ನಿಲ್ಲಿಸಲೂಬಹುದು. ಕುಕ್ಕರ್ ಕೂಗಿದರೆ ನಿಲ್ಲಿಸಿ, ಸೀಟಿ ಮುಗಿದ ಮೇಲೆ ಮುಂದುವರಿಸಬಹುದು. ನಮ್ಮ ಮನೆಯಲ್ಲಿ ಇದು ದೊಡ್ಡ ಉಪಕಾರ. ಮೈಕ್ ಗುಂಡಿ ಆನ್ ಇದೆಯಾ ಅಂತ ಪ್ರತಿ ಸಲ ನೋಡಿಕೊಳ್ಳಿ, ಅಷ್ಟೇ.

ಧ್ವನಿಯ ವಿಷಯದಲ್ಲಿ ಇದು ಮೈಕಿಗೆ ಬಿದ್ದದ್ದನ್ನು ಬಿದ್ದ ಹಾಗೇ ಇಡುತ್ತದೆ. ಅದಕ್ಕೆ ಸದ್ದು ಸೋಸುವ ತನ್ನದೇ ಆದ ಫಿಲ್ಟರ್ ಇಲ್ಲ. ಫ್ಯಾನ್ ಸದ್ದು ಬಂತು, ದೂರದ ಲೋಕಲ್ ರೈಲಿನ ಹಾರ್ನ್ ಬಂತು, ಆದರೆ ಹಾಲು ಹಾಲಾಗಿಯೇ ಬಂತು. ಮಗು ಕಳಿಸಿದ ಒಂದು ಪ್ರಶ್ನೆಗೆ ಒಂದೂವರೆ ನಿಮಿಷದ ಉತ್ತರ ಕೊಡಬೇಕು ಅಂದರೆ ನಾನು ಈಗಲೂ ಇದನ್ನೇ ತೆರೆಯುತ್ತೇನೆ. ಮೂಲೆಯಲ್ಲಿ ನನ್ನ ಮುಖ ತೋರಿಸಲು ಮಾತ್ರ ಇದರಲ್ಲಿ ದಾರಿ ಇಲ್ಲ.

ಇನ್ನು ಓಬಿಎಸ್ ಸ್ಟುಡಿಯೊ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 2012ರಿಂದ ಇದೆ. ಉಚಿತ, ಓಪನ್ ಸೋರ್ಸ್, ಅಂದರೆ ಅದರ ಕೋಡ್ ಎಲ್ಲರಿಗೂ ತೆರೆದಿದೆ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವಾಟರ್‌ಮಾರ್ಕ್ ಇಲ್ಲ, ಇಷ್ಟೇ ನಿಮಿಷ ಅನ್ನುವ ಮಿತಿ ಇಲ್ಲ. ಉಚಿತ ಅಂತ ಹೇಳಿಕೊಂಡ ಬೇರೊಂದು ರೆಕಾರ್ಡರ್ ನಾನು ಬರೆದ ಅಕ್ಷರದ ಮೇಲೆಯೇ ತನ್ನ ಹೆಸರು ಅಚ್ಚೊತ್ತಿತ್ತು. ಅಕ್ಷರ ಕಲಿಯುವ ಮಗುವಿನ ಮುಂದೆ ಅದನ್ನು ಇಡಲು ಮನಸ್ಸು ಬರಲಿಲ್ಲ, ಅವತ್ತೇ ತೆಗೆದುಹಾಕಿದೆ.

ಓಬಿಎಸ್ ಮೊದಲ ಸಲ ತೆರೆದಾಗ ಖಾಲಿ ಕಪ್ಪು ಪರದೆ ಕಾಣುತ್ತದೆ, ಹೆದರಬೇಡಿ. ಕೆಳಗಡೆ ಸೀನ್, ಸೋರ್ಸ್ ಅಂತ ಎರಡು ಡಬ್ಬಿ ಇವೆ. ಸೋರ್ಸ್ ಅಂದರೆ ಏನೇನು ಕಾಣಬೇಕೋ ಅದು: ಇಡೀ ಪರದೆ, ಒಂದು ಕಿಟಕಿ, ಕ್ಯಾಮೆರಾ. ಸೀನ್ ಅಂದರೆ ಅವುಗಳ ಜೋಡಣೆ. ನಾನು ಎರಡು ಸೀನ್ ಮಾಡಿಟ್ಟಿದ್ದೇನೆ. ಒಂದರಲ್ಲಿ ಪೇಂಟ್ ಮಾತ್ರ. ಇನ್ನೊಂದರಲ್ಲಿ ಪುಸ್ತಕದ ಪುಟ, ಮೂಲೆಯಲ್ಲಿ ನನ್ನ ಮುಖ. ಬೆಳೆ-ಬೇಳೆ ಹೇಳುವಾಗ ಮಕ್ಕಳು ತುಟಿ ನೋಡುತ್ತಾರೆ, ಎಷ್ಟು ಹೊತ್ತು ಎಳೆಯಬೇಕು ಅಂತ ಅದರಿಂದಲೇ ಗೊತ್ತಾಗುತ್ತದೆ. ಕೀಬೋರ್ಡಿನ ಒಂದು ಕೀಗೆ ಸೀನ್ ಬದಲಿಸುವ ಕೆಲಸ ಒಪ್ಪಿಸಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದರೆ ಇಡೀ ಪರದೆಯ ಸೋರ್ಸ್ ಸೇರಿಸಿದ ಮೇಲೂ ಕಪ್ಪಾಗಿಯೇ ಉಳಿಯಬಹುದು. ಆಗ ವಿಂಡೋಸ್ ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ಒಳಗಿನ ಗ್ರಾಫಿಕ್ಸ್‌ಗೆ ಹೋಗಿ ಓಬಿಎಸ್‌ಗೆ ‘ಪವರ್ ಸೇವಿಂಗ್’ ಆರಿಸಿ.

ಆಲೂಗಡ್ಡೆ ಬಂದಿದ್ದೂ ಇದರಲ್ಲೇ, ನಾನು ಹಾಕಿದ ಒಂದು ಫಿಲ್ಟರ್‌ನಿಂದ. ಅದರ ಹೆಸರು ನಾಯ್ಸ್ ಗೇಟ್. ಹೆಸರೇ ಹೇಳುವ ಹಾಗೆ ಅದೊಂದು ಬಾಗಿಲು. ಸದ್ದು ಒಂದು ಮಟ್ಟ ದಾಟಿದರೆ ತೆರೆಯುತ್ತದೆ, ಇಳಿದರೆ ಮುಚ್ಚುತ್ತದೆ. ಮೊದಲೇ ಇಟ್ಟಿರುವ ಲೆಕ್ಕ ತೆರೆಯಲು ಮೈನಸ್ 26 ಡೆಸಿಬೆಲ್, ಮುಚ್ಚಲು ಮೈನಸ್ 32. ಫ್ಯಾನ್ ಸದ್ದು ಹೊರಗೇ ಉಳಿಯಲಿ ಅಂತ ನಾನು ಹಾಕಿದ್ದೆ. ಆದರೆ ‘ಹ’ ಅನ್ನುವುದು ಬರೀ ಉಸಿರು. ಹೂವು, ಹಾವು ಮಾತಿನ ಓಟದಲ್ಲಿ ಬಂದಿದ್ದವು, ಬಾಗಿಲು ಆಗಲೇ ತೆರೆದಿತ್ತು. ಹಾಲು ಹೇಳುವ ಮುಂಚೆ ನಾನು ಸ್ವಲ್ಪ ನಿಂತಿದ್ದೆ. ಬಾಗಿಲು ಮುಚ್ಚಿತು. ಉಸಿರು ಹೊರಗೇ ಉಳಿಯಿತು, ‘ಆ’ ಬಂದಾಗ ಬಾಗಿಲು ತೆರೆಯಿತು.

ಈಗ ಗೇಟ್ ತೆಗೆದಿದ್ದೇನೆ. ಅದರ ಬದಲು ನಾಯ್ಸ್ ಸಪ್ರೆಶನ್ ಫಿಲ್ಟರ್‌ನಲ್ಲಿ ಆರ್‌ಎನ್‌ನಾಯ್ಸ್ ಆರಿಸಿದೆ. ಅದು ಬಾಗಿಲು ಹಾಕುವುದಿಲ್ಲ, ಮಾತಿನ ನಡುವೆ ಸೇರಿದ ಗುಂಯ್ ಸದ್ದನ್ನು ಹೆಕ್ಕಿ ಕಡಿಮೆ ಮಾಡುತ್ತದೆ. ಆದರೂ ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್ ಮಾಡುತ್ತೇನೆ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿ ಇಡುತ್ತೇನೆ. ಫಿಲ್ಟರ್ ಎಷ್ಟು ಕಡಿಮೆ ದುಡಿಯಬೇಕೋ ಅಷ್ಟು ಒಳ್ಳೆಯದು. ರೆಕಾರ್ಡ್ ಆದ ಮೇಲೆ ಇಯರ್‌ಫೋನ್ ಹಾಕಿ ‘ಹ’ ಇರುವ ಪದಗಳನ್ನು ಮಾತ್ರ ಒಮ್ಮೆ ಕೇಳಿ. ಅರ್ಧ ನಿಮಿಷದ ಕೆಲಸ.

ಇನ್ನೊಂದು ಮಾತು ಮಳೆಗಾಲದ ಕರೆಂಟಿನದು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ವರ್ಷವಾಗಿದೆ, ಕರೆಂಟ್ ಹೋದರೆ ಅದೂ ಹೋಗುತ್ತದೆ. ಮಾಮೂಲಿ ಎಂಪಿ4 ಫೈಲು ತನ್ನ ಸೂಚಿಯನ್ನು ರೆಕಾರ್ಡಿಂಗ್ ಮುಗಿದಾಗ ಬರೆದುಕೊಳ್ಳುತ್ತದೆ. ನಡುವೆ ನಿಂತರೆ ಅದು ತೆರೆಯುವುದೇ ಇಲ್ಲ. ಎಂಕೆವಿ ಅನ್ನುವ ಇನ್ನೊಂದು ಬಗೆಯ ವಿಡಿಯೋ ಫೈಲು ಹಾಗಲ್ಲ, ನಿಂತಲ್ಲಿಯವರೆಗೆ ಇರುತ್ತದೆ. ಓಬಿಎಸ್‌ನಲ್ಲಿ ಎಂಕೆವಿ ಆರಿಸಿಕೊಂಡು, ಆಮೇಲೆ ಫೈಲ್ ಮೆನುವಿನ ರೀಮಕ್ಸ್‌ನಲ್ಲಿ ಎಂಪಿ4 ಮಾಡಿಕೊಳ್ಳಬಹುದು, ಕೆಲವೇ ಸೆಕೆಂಡು ಸಾಕು. ಹೊಸ ಆವೃತ್ತಿಗಳಲ್ಲಿ ಇದೇ ರಕ್ಷಣೆ ಇರುವ ಹೈಬ್ರಿಡ್ ಎಂಪಿ4 ಕೂಡ ಇದೆ. ಒಂದು ಸಂಜೆ ಮೂರು ನಿಮಿಷದ ಪಾಠದಲ್ಲಿ ಎರಡೂವರೆ ನಿಮಿಷ ನನಗೆ ಹೀಗೇ ಉಳಿಯಿತು.

ಸೈಜ್ ಬಗ್ಗೆಯೂ ಹೇಳಿಬಿಡುತ್ತೇನೆ. ಬರೆಯುವ ಪಾಠಕ್ಕೆ ಸಿನಿಮಾದ ಗುಣಮಟ್ಟ ಬೇಡ. 1280 × 720, ಸೆಕೆಂಡಿಗೆ 15 ಫ್ರೇಮ್, ಚಿತ್ರಕ್ಕೆ 1000 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್), ಧ್ವನಿಗೆ 128 ಇಟ್ಟಿದ್ದೇನೆ. ನಿಮಿಷಕ್ಕೆ ಸುಮಾರು ಎಂಟೂವರೆ ಎಂಬಿ, ನಾಲ್ಕು ನಿಮಿಷದ ಪಾಠಕ್ಕೆ 34 ಎಂಬಿ. ಧ್ವನಿಯಲ್ಲಿ ಕಂಜೂಸುತನ ಮಾಡಬೇಡಿ, ಚಿತ್ರದಲ್ಲಿ ಮಾಡಿ. ವಾಟ್ಸಾಪ್‌ನಲ್ಲಿ ವಿಡಿಯೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ. ವಿಡಿಯೋ ಆಗಿ ಹೋದರೆ ಅದು ಮತ್ತೆ ಕುಗ್ಗಿಸುತ್ತದೆ, ತೆಳು ಗೆರೆಗಳು ಮಸುಕಾಗುತ್ತವೆ. ಒತ್ತಕ್ಷರದ ಬಾಲ ಕಾಣದಿದ್ದರೆ ಪಾಠ ಕಳಿಸಿ ಏನು ಪ್ರಯೋಜನ?

ನಾಲ್ಕನೆಯದು ಮೊಬೈಲು. ಆಂಡ್ರಾಯ್ಡ್ 11ರಿಂದ, ಅಂದರೆ 2020ರಿಂದ, ಸ್ಕ್ರೀನ್ ರೆಕಾರ್ಡ್ ಫೋನಿನಲ್ಲೇ ಸಿಗುತ್ತಿದೆ. ಕಲ್ಯಾಣದಲ್ಲಿ ನಮ್ಮ ಜೊತೆ ಪಾಠ ಮಾಡುವ ಅಕ್ಕ ಒಬ್ಬರಿದ್ದಾರೆ, ಅವರ ಹತ್ತಿರ ಕಂಪ್ಯೂಟರೇ ಇಲ್ಲ. ಎಲ್ಲಾ ಫೋನಿನಲ್ಲೇ. ಶುರು ಮಾಡುವಾಗ ಧ್ವನಿಗೆ ಮೈಕ್ರೊಫೋನ್ ಆರಿಸಬೇಕು, ಬೆರಳು ತಾಗಿದ ಜಾಗ ತೋರಿಸುವ ಆಯ್ಕೆಯನ್ನೂ ಆನ್ ಮಾಡಬೇಕು. ಬೆರಳು ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು ಅಂತ ಒಂದು ಚುಕ್ಕೆ ತೋರಿಸುತ್ತಾ ಹೋಗುತ್ತದೆ. ಪುಟ್ಟ ಮಕ್ಕಳಿಗೆ ಅ, ಆ ತಿದ್ದಿಸಲು ಇದಕ್ಕಿಂತ ಒಳ್ಳೆಯದು ನನ್ನ ಲ್ಯಾಪ್‌ಟಾಪಿನಲ್ಲೂ ಸಿಕ್ಕಿಲ್ಲ. ಫೋನ್ ಮುಖಕ್ಕೆ ಹತ್ತಿರ ಇರುವುದರಿಂದ ಧ್ವನಿಯೂ ಚೆನ್ನಾಗಿದೆ, ಬೆರಳಿನ ಟಪಟಪ ಮಾತ್ರ ಸೇರಿಕೊಳ್ಳುತ್ತದೆ. ಏರೋಪ್ಲೇನ್ ಮೋಡ್ ಹಾಕಿ ಕೂತುಕೊಳ್ಳಿ, ಇಲ್ಲದಿದ್ದರೆ ಪಾಠದ ನಡುವೆ ಯಾರದೋ ಮೆಸೇಜು ಮಕ್ಕಳಿಗೂ ಕಾಣುತ್ತದೆ.

‘ಶಕ್ತಿ’ಯ ಹೊತ್ತಿಗೆ ಮಾತ್ರ ಫೋನ್ ಸೋತಿತು. ದೇವನಾಗರಿಯಲ್ಲಿ ಕ ಅರ್ಧ, ತ ಪೂರ್ತಿ. ಕನ್ನಡದಲ್ಲಿ ಕ ಪೂರ್ತಿ, ತ ಕೆಳಗೆ ಒತ್ತು. ಅಷ್ಟೇ ಅಲ್ಲ, ಗುಡಿಸು ಕ ಮೇಲೆ ಕೂರುತ್ತದೆ. ಮೊದಲು ‘ಕಿ’ ಬರೆದು ಆಮೇಲೆ ತ ಒತ್ತು ಕೊಡಬೇಕು, ಓದುವಾಗ ಇ ಕೊನೆಗೆ ಬರುತ್ತದೆ. ಇಲ್ಲಿನ ಮಕ್ಕಳು ಎಡವುವುದು ಸರಿಯಾಗಿ ಇದೇ ಜಾಗದಲ್ಲಿ. ಇದನ್ನು ನಿಧಾನವಾಗಿ, ದೊಡ್ಡದಾಗಿ, ನಡುವೆ ನಿಲ್ಲಿಸಿ ತೋರಿಸಬೇಕು. ಬೆರಳಿನ ದಪ್ಪ ಗೆರೆಗೆ ಆ ಒತ್ತು ಹಿಡಿಯಲಿಲ್ಲ. ಪೆನ್ ಟ್ಯಾಬ್ಲೆಟ್ ಮತ್ತು ಓಬಿಎಸ್ ಜೋಡಿಯಲ್ಲಿ ಚೆನ್ನಾಗಿ ಬಂತು.

ಹಾಗಾಗಿ ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಪಾಠಕ್ಕೆ ಓಬಿಎಸ್, ದಿಢೀರ್ ಉತ್ತರಕ್ಕೆ ಸ್ನಿಪ್ಪಿಂಗ್ ಟೂಲ್. ಹೊಸದಾಗಿ ಶುರು ಮಾಡುವವರು ಸ್ನಿಪ್ಪಿಂಗ್ ಟೂಲ್‌ನಿಂದಲೇ ಶುರು ಮಾಡಿ. ನಾಲ್ಕು ಪಾಠ ಆದ ಮೇಲೆ ಮುಖ ತೋರಿಸಬೇಕು, ಸದ್ದು ತಗ್ಗಿಸಬೇಕು ಅಂತ ನಿಮಗೇ ಅನಿಸುತ್ತದೆ, ಆಗ ಓಬಿಎಸ್‌ಗೆ ಬನ್ನಿ.

ಬರುವ ಭಾನುವಾರದ ಪಾಠ ‘ಮಹಾರಾಷ್ಟ್ರ’. ಶಾಲೆಯ ಪುಸ್ತಕದಲ್ಲಿ ದಿನಾ ನೋಡುವ ಹೆಸರನ್ನು ಮಕ್ಕಳು ಮೊದಲ ಸಲ ಕನ್ನಡದಲ್ಲಿ ಬರೆಯುತ್ತಾರೆ. ಷ ಕೆಳಗೆ ಟ ಒತ್ತು, ಅದರ ಪಕ್ಕ ರ ಒತ್ತು. ಶುರುವಿನ ‘ಮಹಾ’ದ ಹ ಸರಿಯಾಗಿ ಕೇಳಿಸುವ ಹಾಗೆ ನಿನ್ನೆ ಎರಡು ಸಲ ರೆಕಾರ್ಡ್ ಮಾಡಿದೆ, ಎರಡನೆಯದನ್ನು ಕಳಿಸುತ್ತಿದ್ದೇನೆ.