ಜಿಟಿಎಕ್ಸ್ 1060: ಇಷ್ಟು ವರ್ಷದ ಮೇಲೆ ಬದಲಿಸಬೇಕಾ?

ಜಿಟಿಎಕ್ಸ್ 1060 ಅಂದರೆ ಪಿಸಿಯಲ್ಲಿ ಗೇಮ್‌ನ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್. 6 ಜಿಬಿ ಮೆಮೊರಿಯ ನನ್ನದು ಕೈಗೆ ಬಂದದ್ದು 2017ರಲ್ಲಿ. ಆಮೇಲೆ ಪಿಸಿಯೊಳಗೆ ಮಿಕ್ಕಿದ್ದೆಲ್ಲ ಒಂದೊಂದಾಗಿ ಬದಲಾಯಿತು. ಇದೊಂದು ಅಲ್ಲೇ ಕೂತಿದೆ.

ಎರಡು ವರ್ಷದ ಹಿಂದೆ ಇದನ್ನು ತೆಗೆದುಹಾಕಿಯೇ ಬಿಡುತ್ತಿದ್ದೆ. ಆಟ ಶುರುವಾಗಿ ಅರ್ಧ ಗಂಟೆಗೆ ಎಲ್ಲ ಎಳೆದೆಳೆದು ಓಡುತ್ತಿತ್ತು, ಫ್ಯಾನ್ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ವಯಸ್ಸಾಯಿತು ಅಂದುಕೊಂಡು ಹೊಸದಕ್ಕೆ ದುಡ್ಡು ಕೂಡಿಡತೊಡಗಿದೆ. ಒಂದು ದಿನ ಸುಮ್ನೆ ತಾಪಮಾನ ನೋಡಿದರೆ 83 ಡಿಗ್ರಿ! ಅಷ್ಟು ಬಿಸಿಯಾದರೆ ಈ ಕಾರ್ಡ್ ತಾನಾಗಿಯೇ ವೇಗ ಇಳಿಸಿಕೊಳ್ಳುತ್ತದೆ. ಬಿಚ್ಚಿ ನೋಡಿದೆ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ (ಬಿಸಿ ಹೊರಹಾಕುವ ಲೋಹದ ಭಾಗ) ದಾಟಿಸುವ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಾಗೆ ಉದುರುತ್ತಿತ್ತು. ಒರೆಸಿ, ಹೊಸ ಪೇಸ್ಟ್ ಹಾಕಿದೆ. ಮರುದಿನ ಅದೇ ಗೇಮ್, ಅದೇ ಸೆಟ್ಟಿಂಗ್, 69 ಡಿಗ್ರಿ. ಹೊಸ ಕಾರ್ಡ್ ತಂದಿದ್ದರೂ ಅಷ್ಟು ಖುಷಿ ಆಗುತ್ತಿರಲಿಲ್ಲವೇನೋ.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಇದರ ಸೇವೆ. ವೈರ್ ಕಿತ್ತು, ಕಾರ್ಡ್ ತೆಗೆದು, ಹಳೇ ಟವೆಲ್ ಮೇಲೆ ಮಲಗಿಸುತ್ತೇನೆ. ಸ್ಕ್ರೂಗಳು ಡಬ್ಬಿಯ ಮುಚ್ಚಳದೊಳಗೆ. ಗಾಳಿ ಹೊಡೆಯುವಾಗ ಫ್ಯಾನ್ ತಿರುಗದ ಹಾಗೆ ಬೆರಳಲ್ಲಿ ಹಿಡಿದುಕೊಳ್ಳುತ್ತೇನೆ. ಜೋರಾಗಿ ಸುತ್ತಿದರೆ ಅದರ ಬೇರಿಂಗ್‌ಗೆ ಒಳ್ಳೆಯದಲ್ಲ. ಹೀಟ್‌ಸಿಂಕ್‌ನ ಸಂದಿಗಳನ್ನು ಪೇಂಟ್ ಬ್ರಷ್‌ನಲ್ಲಿ ನಿಧಾನವಾಗಿ ಗುಡಿಸುತ್ತೇನೆ. ಆಮೇಲೆ ಪಿಸಿ ಆನ್ ಮಾಡಿದಾಗ ಸದ್ದೇ ಕೇಳದಿದ್ದರೆ ಆ ದಿನ ಪೂರ್ತಿ ಸಮಾಧಾನ.

ನನ್ನದು 60 ಹರ್ಟ್ಸ್‌ನ 1080ಪಿ ಮಾನಿಟರ್, ಸೆಕೆಂಡಿಗೆ 60 ಚಿತ್ರ ಮಾತ್ರ ತೋರಿಸುತ್ತದೆ. ಹಾಗಾಗಿ 60 ಎಫ್‌ಪಿಎಸ್‌ಗೆ (ಕಾರ್ಡ್ ಸೆಕೆಂಡಿಗೆ ಮೂಡಿಸುವ ಚಿತ್ರಗಳ ಲೆಕ್ಕ) ಲಾಕ್ ಮಾಡಿ ಆಡುತ್ತೇನೆ, ಜಾಸ್ತಿ ಬೇಡ. ನೆರಳುಗಳನ್ನು ಮೀಡಿಯಂಗೆ ಇಳಿಸಿದರೆ ಎಷ್ಟೋ ಗೇಮ್ ಈಗಲೂ ಚೆನ್ನಾಗಿ ಓಡುತ್ತವೆ.

ಆದರೆ ಈಚೆಗೆ ಬೇಜಾರಾಗುತ್ತಿದೆ. ಹೊಸ ಗೇಮ್‌ಗಳಲ್ಲಿ 6 ಜಿಬಿ ಸಾಲುತ್ತಿಲ್ಲ. ಎಫ್‌ಪಿಎಸ್ ನೋಡಿದರೆ 50ರ ಮೇಲೇ ಇರುತ್ತದೆ, ಆದರೆ ತಿರುಗಿ ನೋಡಿದ ಕೂಡಲೇ ಒಂದು ಜರ್ಕ್. ನಿಧಾನವಾಗಿ ಓಡಿದರೂ ಸಹಿಸುತ್ತೇನೆ, ಈ ಜರ್ಕ್ ಸಹಿಸಲಾರೆ. ಟೆಕ್ಸ್ಚರ್ (ಗೋಡೆ, ನೆಲದ ಮೇಲ್ಮೈಯ ಚಿತ್ರಗಳು) ಒಂದು ಮೆಟ್ಟಿಲು ಇಳಿಸಿದರೆ ಸರಿಹೋಗುತ್ತದೆ, ಆಗ ಗೋಡೆಗಳೆಲ್ಲ ಮಂಕು.

2025ರಲ್ಲಿ ಬಂದ ಡೂಮ್: ದಿ ಡಾರ್ಕ್ ಏಜಸ್ ಗೇಮ್‌ಗಂತೂ ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಹಾದಿ ಲೆಕ್ಕ ಹಾಕಿ ಚಿತ್ರ ಮೂಡಿಸುವುದು) ಹಾರ್ಡ್‌ವೇರ್ ಬೇಕೇ ಬೇಕು. ಇದರಲ್ಲಿ ಅದಿಲ್ಲ. ಪೇಸ್ಟ್ ಬದಲಿಸಿ, ಧೂಳು ಹೊಡೆದು ಸರಿಮಾಡುವ ವಿಷಯ ಇದಲ್ಲ. ಆ ವರ್ಷದ ಅಕ್ಟೋಬರ್‌ಗೆ ಹೊಸ ಗೇಮ್‌ಗಳಿಗಾಗಿ ಈ ಕಾರ್ಡ್‌ಗೆ ಬರುತ್ತಿದ್ದ ಡ್ರೈವರ್‌ಗಳೂ (ಕಾರ್ಡ್ ನಡೆಸುವ ಸಾಫ್ಟ್‌ವೇರ್) ನಿಂತವು. ಇನ್ನು 2028ರ ಅಕ್ಟೋಬರ್‌ವರೆಗೆ ಭದ್ರತೆಯ ಅಪ್‌ಡೇಟ್ ಮಾತ್ರ.

ನೀವೂ ಇದೇ ಯೋಚನೆಯಲ್ಲಿದ್ದರೆ ಮೊದಲು ತಾಪಮಾನ ನೋಡಿ. ಆಮೇಲೆ ಗೇಮ್‌ನ ರೆಸಲ್ಯೂಶನ್ ಇಳಿಸಿ ನೋಡಿ. ಎಫ್‌ಪಿಎಸ್ ಏರದಿದ್ದರೆ ಹೆಚ್ಚಾಗಿ ಪ್ರೊಸೆಸರ್ ತಡೆಯುತ್ತಿರುತ್ತದೆ, ಹೊಸ ಕಾರ್ಡ್ ತಂದರೂ ಪ್ರಯೋಜನವಿಲ್ಲ ಅಲ್ವಾ? ನನ್ನಲ್ಲಿ ಏರಿತು. ಪವರ್ ಸಪ್ಲೈ ಕೂಡ ನೋಡಿಕೊಳ್ಳಿ, 120 ವಾಟ್ ಸಾಕಿದ್ದ ಕಾರ್ಡ್ ಇದು, ಮುಂದಿನದಕ್ಕೆ ಅಷ್ಟು ಸಾಲದು.

ಅವತ್ತು ಕೂಡಿಟ್ಟ ದುಡ್ಡು ಹಾಗೇ ಇದೆ. 12 ಜಿಬಿಗಿಂತ ಕಡಿಮೆಯದು ಕೊಳ್ಳುವುದಿಲ್ಲ. ಈ 1060 ತಮ್ಮನ ಪಿಸಿಗೆ ಹೋಗುತ್ತದೆ. ಅವನು ಆಡುವುದೆಲ್ಲ ಹಳೇ ಗೇಮ್‌ಗಳೇ. ಕೊಡುವ ಮುಂಚೆ ಇನ್ನೊಂದು ಸಲ ಪೇಸ್ಟ್ ಹಾಕಬೇಕು.